ಮೊದಲ ಗುದ್ದಲಿ

ಖಾಕಿ ಅಂಗಿಯ ಕಾಲರು ಕುತ್ತಿಗೆಗೆ ಉಜ್ಜುತ್ತಿತ್ತು. ಭಾಲಚಂದ್ರ ಮೇಲಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿಕೊಂಡ. ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ ಕ್ಯಾಪ್ಟನ್ ಇಂಥದನ್ನೆಲ್ಲ ಗಮನಿಸುವವನಲ್ಲ. ಆದರೆ ಅಂಗಿ ತನ್ನದಲ್ಲ, ತುಕಡಿಯ ಉಗ್ರಾಣದಿಂದ ಕೊಟ್ಟದ್ದು, ಹೆಗಲು ತೋಳಿನ ಮೇಲೆ ಇಳಿಬೀಳುತ್ತದೆ. ಗುಂಡಿಯನ್ನೂ ಬಿಚ್ಚಿದರೆ ಯಾರದೋ ಅಂಗಿ ಕದ್ದು ತೊಟ್ಟವನಂತೆ ಕಾಣುತ್ತೇನೆ ಎಂಬ ಅಳುಕು ಅವನಿಗೆ. ನಿಜಾಮನ ರಾಜ್ಯಕ್ಕೆ ಹಿಂದೂಸ್ತಾನದ ಸೈನ್ಯ ಬಂದು ಎರಡು ತಿಂಗಳಾಗುತ್ತ ಬಂದಿತ್ತು. ನಿಜಾಮನ ಪರವಾಗಿ ಊರೂರು ಸುಟ್ಟು ಮೆರೆದ ರಜಾಕಾರರು ಚದುರಿ ಹೋಗಿದ್ದರು. ಚದುರಿದವರನ್ನು ಹಳ್ಳಿಗಳಲ್ಲಿ ಹುಡುಕುವುದು ಈ ತುಕಡಿಯ ಕೆಲಸ. ಹುಡುಕುವವರಿಗೆ ಮಾತು ತರ್ಜುಮೆ ಮಾಡಿ, ಜನರ ರೀತಿರಿವಾಜು ತಿಳಿಸಿಕೊಡುವುದು ಭಾಲಚಂದ್ರನ ಕೆಲಸ. ಅವನು ಭಾಲ್ಕಿಯವನು. ಪುಣೆಯಲ್ಲಿ ಮಾನವಶಾಸ್ತ್ರ ಓದಿ ಈ ಸೀಮೆಯ ಹಬ್ಬಗಳ ಮೇಲೆ ಪ್ರಬಂಧ ಬರೆಯುತ್ತಿದ್ದ, ಇನ್ನೂ ಮುಗಿದಿರಲಿಲ್ಲ. ಕ್ಯಾಪ್ಟನ್ ಮೊದಲ ದಿನದಿಂದಲೇ ‘ಪ್ರೊಫೆಸರ್’ ಎಂದು ಕರೆಯುತ್ತಿದ್ದ. ತಿದ್ದಬೇಕಿತ್ತು, ತಿದ್ದಲಿಲ್ಲ. ಪುಣೆಯ ಗುರುಗಳ ಕೋಣೆಯಲ್ಲಿ ಅವನಿಗೊಂದು ಕುರ್ಚಿ ಇರಲಿಲ್ಲ, ಕಿಟಕಿಗೆ ಆತು ನಿಂತೇ ಮಾತಾಡಬೇಕಿತ್ತು. ಇಲ್ಲಿ ಔರಾದದ ಬಂಗಲೆಯ ಪಡಸಾಲೆಯಲ್ಲಿ ಹವಾಲ್ದಾರ ಓಡಿಬಂದು ಕುರ್ಚಿ ಹಾಕುತ್ತಾನೆ.

‘ಇವತ್ತು ಎಕಂಬಾ,’ ಎಂದ ಕ್ಯಾಪ್ಟನ್. ಅವನ ಹಿಂದೂಸ್ತಾನಿಯಲ್ಲಿ ಗಡಸೇ ಇರಲಿಲ್ಲ. ‘ನೀವು ಎರಡು ವರ್ಷ ಇದ್ದ ಊರು ಅಲ್ಲವೇ? ಮೊಹರಮ್ಮಿನ ಚಂದ್ರ ಕಂಡಿದೆ. ಅಲ್ಲಿ ಹಿಂದೂಗಳೂ ಹಬ್ಬ ಮಾಡುತ್ತಾರಂತೆ. ಅದೇನು ಹೇಳಿ ನೋಡೋಣ.’

ಕೇಳಬೇಕೇ! ಭಾಲಚಂದ್ರ ಚಹಾದ ಬಸಿಯನ್ನು ಕೆಳಗಿಟ್ಟ. ಬೇರೆ ಯಾರೂ ಹೀಗೆ ಕೇಳಿದವರಿರಲಿಲ್ಲ. ತಾಯಿ ಸರಸ್ವತಿಬಾಯಿಗೆ ಇದೆಲ್ಲ ಕೆಲಸವಿಲ್ಲದವರ ಕೆಲಸ. ‘ಮಂದಿ ಹಬ್ಬ ಮಾಡಿ ಹೋಳಗಿ ತಿಂತಾರ, ನೀ ಹಬ್ಬ ನೋಡಿ ಕಾಗದಾ ತಿಂತಿ’ ಎಂದು ನಗುತ್ತಿದ್ದಳು. ಅವನು ಹೇಳತೊಡಗಿದ. ಎಕಂಬಾದಲ್ಲಿ ಅಶೂರಖಾನೆಯ, ಎಂದರೆ ಪೀರರ ಗುಡಿಯ, ಹಸ್ತದಾಕಾರದ ಪಂಜಾಗಳು ವರ್ಷವೆಲ್ಲ ಇರುವುದು ಲಿಂಗಾಯತರ ಮನ್ಮಥಪ್ಪ ಗೌಡನ ಮನೆಯ ಪೆಟ್ಟಿಗೆಯಲ್ಲಿ. ಅವುಗಳಿಗೆ ಸುತ್ತುವ ಬಟ್ಟೆ ಗೌಡನದು, ಬೆಂಕಿಗೆ ಎರಚುವ ಮೊದಲ ಉಪ್ಪು ಈರಮ್ಮನೆಂಬ ಮುದುಕಿಯ ಮನೆಯದು, ಸೌದೆ ಬಡಿಗೇರರದು. ಊರಿಗೆ ಊರೇ ಸೇರುತ್ತದೆ. ಆದರೆ ಅಶೂರಖಾನೆಯ ಎದುರು ಬೆಂಕಿಗಾಗಿ ಅಗೆಯುವ ಅಲಾಯಿ ಕುಣಿಗೆ ಮೊದಲ ಗುದ್ದಲಿ ಹಾಕುವವನು ಒಬ್ಬನೇ, ಪೀರರ ಪೂಜೆ ನಡೆಸುವ ಮುಜಾವರ ಮನೆತನದ ಗಂಡಸು. ಚಂದ್ರ ಕಂಡ ಸಂಜೆ ಅವನು ಮಿಂದು, ಬರಿಗಾಲಲ್ಲಿ ಬಂದು, ಕುಣಿಯ ಪಡುವಣ ಅಂಚಿಗೆ ಬೆಲ್ಲವಿಟ್ಟು ಫಾತೆಹಾ ಓದಿ ಗುದ್ದಲಿ ಹಾಕಬೇಕು. ಬೇರೆ ಯಾರು ಹಾಕಿದರೂ ಬೆಂಕಿ ಹತ್ತುವುದಿಲ್ಲ ಎಂದು ಊರು ನಂಬುತ್ತದೆ. ಪ್ಲೇಗಿನ ವರ್ಷ ಮುಜಾವರ ಊರಲ್ಲಿರಲಿಲ್ಲ, ಕುಣಿಯನ್ನೇ ಅಗೆಯಲಿಲ್ಲ. ‘ಎಲ್ಲ ಹಂಚಿಕೊಂಡು ಇದೊಂದನ್ನು ಮಾತ್ರ ಹಂಚಿಕೊಳ್ಳದೆ ಉಳಿಸಿದ್ದಾರೆ. ನನ್ನ ಪ್ರಬಂಧ ನಿಂತಿರುವುದೇ ಇದರ ಮೇಲೆ,’ ಎಂದ. ಕ್ಯಾಪ್ಟನ್ ಮೆಚ್ಚಿ ತಲೆಯಾಡಿಸಿದ. ಪುಣೆಯಲ್ಲಿ ಯಾರೂ ಹಾಗೆ ತಲೆಯಾಡಿಸಿರಲಿಲ್ಲ, ಅವನಿಗೆ ಖುಷಿಯಾಯಿತು.

ಸಿಪಾಯಿಗಳ ಲಾರಿಯ ಹಿಂದೆ ಜೀಪು ಔರಾದ ದಾಟಿ ಕಪ್ಪು ನೆಲದ ದಾರಿಗಿಳಿದ ಮೇಲೆ ಕ್ಯಾಪ್ಟನ್ ಮುಂದಿನ ಸೀಟಿನಿಂದ ಅರ್ಧ ತಿರುಗಿ, ಮರೆತದ್ದು ನೆನಪಾದವನಂತೆ, ‘ನಮಗೆ ಬೇಕಾದವನ ಹೆಸರು ಸಲಾವೋದ್ದೀನ. ನೀವು ಹೇಳಿದ ಆ ಮುಜಾವರನೇ ಇರಬೇಕು,’ ಎಂದ. ಎಲಾ ಇವನ! ಗೊತ್ತಿದ್ದೇ ಕೇಳಿದನೋ, ಕೇಳಿದ ಮೇಲೆ ಹೊಳೆಯಿತೋ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡೂ ಬದಿಗೆ ಜೋಳ ಮೊಳಕಾಲೆತ್ತರ ನಿಂತಿತ್ತು, ಅಂಚಿನಲ್ಲಿ ತೊಗರಿ ಹೂವಾಗಿತ್ತು, ಎಲ್ಲೂ ಏನೂ ಆಗಿಯೇ ಇಲ್ಲವೆಂಬಂತೆ. ಸಲಾವೋದ್ದೀನ ಎಂದರೆ ಹಲ್ಲುಜ್ಜಲು ಬೇವಿನ ಕಡ್ಡಿ ಮುರಿದು ತಂದುಕೊಡುತ್ತಿದ್ದವನು, ಎರಡು ಮೊಹರಮ್ಮಿನಲ್ಲೂ ತನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಹಾಡುಗಳ ಅರ್ಥ ಹೇಳಿದವನು. ಬೇಸಿಗೆಯಲ್ಲಿ ಅವನೂ ರಜಾಕಾರರ ಜೊತೆ ಓಡಾಡಿದನೆಂದು ಕೇಳಿ ಭಾಲಚಂದ್ರ ನಂಬಿರಲಿಲ್ಲ, ಆಮೇಲೆ ನಂಬಿದ. ಇರಲಿ, ಓಡಿಹೋಗಿರುತ್ತಾನೆ. ಇಷ್ಟು ದಿನ ಇಲ್ಲಿರಲು ಅವನಿಗೇನು ಹುಚ್ಚೇ? ಊರಲ್ಲಿ ಅವನಿಲ್ಲ, ಆದ್ದರಿಂದ ಕುಣಿಯೂ ಇಲ್ಲ. ಕುಣಿ ಇರಬಾರದು ಎಂದು ಅವನು ಯಾವ ದೇವರಿಗೆಂದು ಗೊತ್ತಿಲ್ಲದೆ ಬೇಡಿಕೊಂಡ.

ಹಿಡಿದವರಿಗೆ ಕ್ಯಾಪ್ಟನ್ ಒಂದೇಟನ್ನೂ ಹೊಡೆಯುತ್ತಿರಲಿಲ್ಲ, ಅದು ನಿಜ. ಹೆಸರು ಬರೆಸಿ, ಲಾರಿ ಹತ್ತಿಸಿ ಬೀದರಕ್ಕೆ ಕಳಿಸುತ್ತಿದ್ದ. ಆದರೆ ಹೋದ ವಾರ ಒಂದೂರಿನಲ್ಲಿ ಹಿಡಿದವನನ್ನು ಲಾರಿಯ ತನಕ ನಡೆಸಿಕೊಂಡು ಬರುವುದರೊಳಗೆ ಸುತ್ತಲಿನ ಹಳ್ಳಿಗಳ ಜನ ಕೂಡಿಬಿಟ್ಟರು. ಅವನು ಜೀವಂತ ಲಾರಿ ಮುಟ್ಟಲಿಲ್ಲ. ಕ್ಯಾಪ್ಟನ್ ಅಂದು ಊಟ ಮಾಡಿರಲಿಲ್ಲ. ಭಾಲಚಂದ್ರ ಮಾಡಿದ್ದ, ಹಸಿವಾಗಿತ್ತು. ನಾನು ಇರುವುದರಿಂದಲೇ ಇಷ್ಟರಲ್ಲಿ ನಿಂತಿದೆ ಎಂದು ಅವನು ದಿನವೂ ಹೇಳಿಕೊಳ್ಳುತ್ತಿದ್ದ. ಸಿಪಾಯಿಗಳು ಬೂಟು ಹಾಕಿಕೊಂಡು ದೇವರ ಕೋಣೆಗೆ ನುಗ್ಗುವುದನ್ನು ಬಿಡಿಸಿದವನು ನಾನು. ಹೆಂಗಸರನ್ನು ಅಂಗಳಕ್ಕೆ ಕರೆಯಬೇಡಿ, ಮನೆಯ ಹಿರಿಯಳನ್ನೊಬ್ಬಳನ್ನು ಕೇಳಿ ಎಂದು ಕಲಿಸಿದವನೂ ನಾನೇ. ನಾನು ಬಿಟ್ಟರೆ ಬರುವವನು ಇದನ್ನೆಲ್ಲ ಹೇಳುತ್ತಾನೆಯೇ? ಈ ಮಾತು ಬೆಳಗಿನ ಹೊತ್ತು ಸರಿಯಾಗಿಯೇ ಕೇಳಿಸುತ್ತಿತ್ತು. ಭಾಲ್ಕಿಯ ಮನೆಗೆ ಮೊದಲ ಸಲ ಜೀಪಿನಲ್ಲಿ ಬಂದಿಳಿದಾಗ ತಾಯಿ ದೃಷ್ಟಿ ತೆಗೆದಿದ್ದಳು, ಹಲಬರ್ಗಾದ ತವರಿನವರಿಗೆಲ್ಲ ಹೇಳಿ ಕಳಿಸಿದ್ದಳು. ರಜಾಕಾರರ ಹೆದರಿಕೆಗೆ ಮನೆಗೆ ಬೀಗ ಹಾಕಿ ಗಡಿ ದಾಟಿ ಪರರ ಪಡಸಾಲೆಯಲ್ಲಿ ಮಲಗಿದ್ದವಳು ಅವಳು. ‘ಖರೇ ಹೇಳು,’ ಎಂದು ಊಟಕ್ಕೆ ಬಡಿಸುತ್ತ ಕೇಳಿದ್ದಳು, ‘ನೀ ಅವರಿಗಿ ಏನು ಕಲಸ್ತಿ?’ ಜನರ ಪದ್ಧತಿ ಹೇಳುತ್ತೇನೆ ಎಂದಿದ್ದ. ‘ಯಾಕ, ಅವರೇನು ಇಲ್ಲಿ ಬೀಗತನ ಮಾಡ್ಲತ್ತಾರೇನು?’ ಎಂದು ನಕ್ಕು ಇನ್ನೊಂದು ರೊಟ್ಟಿ ಹಾಕಿದ್ದಳು.

ಕುಣಿ ಇತ್ತು. ಅಶೂರಖಾನೆಯ ಎದುರು, ಪ್ರತಿವರ್ಷದ ಜಾಗದಲ್ಲೇ, ದುಂಡಗೆ ಅಗೆದಿದ್ದರು. ಎತ್ತಿ ಹಾಕಿದ ಮಣ್ಣು ಇನ್ನೂ ಹಸಿಯಾಗಿತ್ತು. ಜೀಪಿನಿಂದ ಇಳಿದ ಭಾಲಚಂದ್ರ ನೋಡಬಾರದೆಂದುಕೊಂಡೇ ನೋಡಿದ. ಕಣ್ಣಿಗೆ ರೂಢಿಯಾಗಿತ್ತು, ಪಡುವಣ ಅಂಚಿಗೆ ತಾನೇ ಹೋಯಿತು. ಅಲ್ಲಿ ಇರುವೆಗಳು ಸಾಲು ಹಿಡಿದು ಬೆಲ್ಲದ ಚೂರುಗಳನ್ನು ಎಳೆಯುತ್ತಿದ್ದವು. ಎಂದರೆ ಫಾತೆಹಾ ಓದಿದ್ದಾರೆ. ಎಂದರೆ ಅವನು ಇದ್ದಾನೆ, ಈ ಊರಿನಲ್ಲೇ, ಬಂದೂಕಿನವರು ಹುಡುಕುತ್ತಿದ್ದಾರೆಂದು ಗೊತ್ತಿದ್ದೂ ಚಂದ್ರ ಕಂಡ ಸಂಜೆ ಮಿಂದು ಬರಿಗಾಲಲ್ಲಿ ಇಲ್ಲಿ ನಿಂತಿದ್ದ. ಅಯ್ಯೋ ಹುಚ್ಚಪ್ಪ, ಒಂದು ವರ್ಷ ಬಿಟ್ಟಿದ್ದರೆ ಪೀರದೇವರು ಮುನಿಯುತ್ತಿದ್ದನೇ? ಅವನಿಗೆ ಸಿಟ್ಟು ಬಂತು, ಮರುಕವೂ ಬಂತು, ಮತ್ತು ಇವೆರಡರ ಅಡಿಯಲ್ಲಿ, ಛೀ, ಒಂದು ಸಣ್ಣ ಸಂತೋಷವೂ ಇತ್ತು: ನಾನು ಬರೆದದ್ದು ಸರಿ. ಬಿಡಬೇಕೆಂದರೂ ಅವರು ಇದನ್ನು ಬಿಡಲಾರರು. ಆ ಸಂತೋಷವನ್ನು ಯಾರಾದರೂ ನೋಡಿದರೇನೋ ಎಂದು ಅವನು ತಲೆಯೆತ್ತಿದ. ಕ್ಯಾಪ್ಟನ್ ಕುಣಿಯನ್ನೇ ನೋಡುತ್ತ ನಿಂತಿದ್ದ.

ಜನ ಕೂಡಿದರು. ಸಲಾವೋದ್ದೀನನ ಹೆಂಡತಿ ಕುಲಸುಮಬೀ ಬಾಗಿಲಲ್ಲಿ ಸೆರಗು ಎಳೆದುಕೊಂಡು ನಿಂತು, ಮಳೆಗಾಲದಿಂದ ಗಂಡನ ಮುಖ ನೋಡಿಲ್ಲ ಎಂದಳು. ಭಾಲಚಂದ್ರ ತರ್ಜುಮೆ ಮಾಡಿದ. ಕ್ಯಾಪ್ಟನ್ ಅವಳಿಗೆ ನಮಸ್ಕಾರ ಹೇಳಿ ಕುಣಿಯ ಹತ್ತಿರ ವಾಪಸು ಬಂದ. ‘ಇದನ್ನು ಯಾರು ಅಗೆದರು ಕೇಳಿ.’

ಹಣೆಯ ಮೇಲೆ ವಿಭೂತಿ ಬಳಿದುಕೊಂಡ ಮನ್ಮಥಪ್ಪ ಗೌಡ ಗುಂಪಿನಿಂದ ಮುಂದೆ ಬಂದ. ಭಾರಿ ಆಳು, ಉಸಿರು ಬಿಡುತ್ತ ಮಾತಾಡುವವನು. ‘ನಾನೇ ಹಾಕೀನ್ರಿ ಸಾಹೇಬ್ರ, ಮೊದಲನೇ ಗುದ್ದಲಿ. ಸಲಾವೋದ್ದೀನ ಎಲ್ಲಿ ಹಾಳಾಗಿ ಹೋಗ್ಯಾನೋ ಏನೋ. ಅವ ಇಲ್ಲಂತ ಊರ ಹಬ್ಬ ಬಿಡ್ಲಿಕ್ಕಿ ಆಗ್ತದೇನ್ರಿ? ಪೀರ ನಮ್ಮ ಮನ್ಯಾಗ ಇರಾಂವ.’ ಹೇಳುವಾಗ ಅವನು ಕ್ಯಾಪ್ಟನ್ನನನ್ನು ನೋಡಲಿಲ್ಲ, ಭಾಲಚಂದ್ರನನ್ನು ನೋಡಿದ. ಊರೂ ಅವನನ್ನೇ ನೋಡುತ್ತಿತ್ತು. ಅವನು ಒಂದೂ ಶಬ್ದ ಬಿಡದೆ ತರ್ಜುಮೆ ಮಾಡಿದ.

‘ಆಗುತ್ತದೆಯೇ?’ ಎಂದು ಕ್ಯಾಪ್ಟನ್ ಮೆಲ್ಲಗೆ ಕೇಳಿದ. ‘ಬೆಳಿಗ್ಗೆ ನೀವು ಆಗುವುದಿಲ್ಲ ಎಂದಿರಿ. ಈತ ನಾನೇ ಹಾಕಿದೆ ಎನ್ನುತ್ತಾನೆ. ಇದರಲ್ಲಿ ಪಂಡಿತರು ನೀವು. ನೀವು ಆಗುವುದಿಲ್ಲ ಎಂದರೆ ಸಲಾವೋದ್ದೀನ ಇಲ್ಲೇ ಇದ್ದಾನೆ, ಅವನು ಸಿಗುವವರೆಗೂ ನಾನು ಇಲ್ಲಿಂದ ಅಲುಗುವುದಿಲ್ಲ. ಆಗುತ್ತದೆ ಎಂದರೆ ಒಂದು ಸುತ್ತು ಮನೆಗಳನ್ನು ನೋಡಿ ಹೊರಡುತ್ತೇನೆ.’

ಎಷ್ಟು ಸರಳವಾಗಿ ಇಟ್ಟುಬಿಟ್ಟ! ಭಾಲಚಂದ್ರನಿಗೆ ಪುಣೆಯ ಸಭೆಯ ನೆನಪಾಯಿತು. ಅಲ್ಲಿ ಇದೇ ಗುದ್ದಲಿಯ ಬಗ್ಗೆ ಓದಿದ ಮೇಲೆ ಒಬ್ಬರು ಎದ್ದು, ಒಂದೇ ಊರಿನ ಮಾತು ನಂಬಿ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಿದ್ದರು. ಅವನು ಧ್ವನಿ ಏರಿಸಿ, ನಾನು ಅವರ ಮನೆಯಲ್ಲಿ ಉಂಡವನು, ನನಗೆ ಗೊತ್ತು ಎಂದಿದ್ದ. ಹೌದು, ಉಂಡವನು. ಈರಮ್ಮನ ಮನೆಯ ಒಲೆಯ ಮುಂದೆ ಕೂತು ಎರಡು ವರ್ಷ ಬಿಸಿರೊಟ್ಟಿ ತಿಂದವನು. ಮನೆಯ ನಕ್ಷೆ ಬರೆಯಲು ಮಾಡು ನೋಡಿ ಜಂತಿ ಎಣಿಸುತ್ತಿದ್ದಾಗ ಅವಳು ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಓಣಿಗೆಲ್ಲ ಕೇಳುವಂತೆ ಕೂಗಿದ್ದಳು: ‘ಏ ಬರ್ರೆ ನೋಡ್ರಿ, ಉಂಡ ಮನಿ ಜಂತಿ ಎಣಸ್ತಾರಂತ ಬರೇ ಕೇಳಿದ್ದೆ, ಇವ ಖರೇನೇ ಎಣಸ್ಲತ್ತಾನ!’ ಎಲ್ಲರೂ ನಕ್ಕಿದ್ದರು, ಸಲಾವೋದ್ದೀನ ಎಲ್ಲರಿಗಿಂತ ಜೋರಾಗಿ. ಭಾಲಚಂದ್ರನೂ ನಕ್ಕು ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ್ದ. ಸಲಾವೋದ್ದೀನ ತಪ್ಪು ಮಾಡಿಲ್ಲವೇ? ಮಾಡಿದ್ದಾನೆ. ಹಾಗಾದರೆ ಕಾನೂನು ನೋಡಿಕೊಳ್ಳಲಿ, ನೀನ್ಯಾರು ಅಡ್ಡ ಬರಲು ಎಂದು ಒಂದು ಧ್ವನಿ ಕೇಳಿತು, ಅದು ಒಳ್ಳೆಯ ಧ್ವನಿಯೇ. ಆದರೆ ಲಾರಿಯ ತನಕದ ದಾರಿ ಅವನು ನೋಡಿದ್ದ. ಮತ್ತೆ ಆ ಬೆಲ್ಲ, ಆ ಬರಿಗಾಲು, ಅದನ್ನು ಅವರು ತನಗೆ ಹೇಳಿದ್ದು ಕ್ಯಾಪ್ಟನ್ನನಿಗೆ ಮುಟ್ಟಿಸಲಿ ಎಂದಲ್ಲ. ಕೇಳುತ್ತಾನೆ ಪಾಪ, ಹೇಳೋಣ ಎಂದು ಹೇಳಿದ್ದು. ಸಿಪಾಯಿಗಳೆದುರು ತಾನು ಏನೂ ತಿಳಿಯದವನಾಗುವುದೂ ಅವನಿಗೆ ಬೇಡವಾಗಿತ್ತು, ಇಷ್ಟರಲ್ಲಿ ಅದನ್ನೂ ಯೋಚಿಸಿದೆನಲ್ಲ ಎಂದು ನಾಚಿಕೆಯಾಯಿತು.

‘ಆಗುತ್ತದೆ,’ ಎಂದ. ‘ಬೆಳಿಗ್ಗೆ ನಾನು ಹೇಳಿದ್ದು ತಪ್ಪು.’

‘ಎರಡು ವರ್ಷ ಅಭ್ಯಾಸ ಮಾಡಿದ್ದು?’

‘ಅದೂ ತಪ್ಪೇ. ಸರಿಯಾಗಿ ಕೇಳಿಕೊಂಡಿರಲಿಲ್ಲ.’

ಹವಾಲ್ದಾರ ಇನ್ನೊಬ್ಬನಿಗೆ ಏನೋ ಹೇಳಿದ, ಇಬ್ಬರೂ ಮುಸಿಮುಸಿ ನಕ್ಕರು. ಕ್ಯಾಪ್ಟನ್ ನಗಲಿಲ್ಲ. ಸುಳ್ಳು ಹೇಳುವವರ ಮುಖ ನೋಡಿದರೆ ಸಾಕು ನನಗೆ ಗೊತ್ತಾಗುತ್ತದೆ ಎಂದು ಅವನು ಆಗಾಗ ಹೇಳುತ್ತಿದ್ದ, ಅದು ಬಡಾಯಿಯೇನೂ ಆಗಿರಲಿಲ್ಲ. ಈಗ ಭಾಲಚಂದ್ರನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ‘ಸರಿ’ ಎಂದಷ್ಟೇ ಹೇಳಿ ಮನೆಗಳನ್ನು ನೋಡಲು ಹೊರಟ.

ಈರಮ್ಮನ ಮನೆಯಲ್ಲಿ ಹವಾಲ್ದಾರ ಪಡಸಾಲೆ ನೋಡಿದ, ದನದ ಕೊಟ್ಟಿಗೆ ನೋಡಿದ, ಜೋಳದ ಕಣಜಕ್ಕೆ ಕೈಹಾಕಿ ನೋಡಿದ. ದೇವರ ಕೋಣೆಯ ಹೊಸ್ತಿಲಲ್ಲಿ ತಾನಾಗಿ ನಿಂತ. ಭಾಲಚಂದ್ರ ಕಲಿಸಿದ್ದ ಪಾಠ. ಬಾಗಿಲು ಅರ್ಧ ಮುಚ್ಚಿತ್ತು. ಈರಮ್ಮ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು, ಏಳಲಿಲ್ಲ. ‘ಒಳಗ ಬರ್ರಿ, ನೋಡ್ರಿ, ಯಾರು ಬ್ಯಾಡಂದಾರ? ಬೂಟು ಕಳದು ಬರ್ರಿ, ಅಷ್ಟೇ,’ ಎಂದಳು. ಭಾಲಚಂದ್ರ ಅದನ್ನೂ ತರ್ಜುಮೆ ಮಾಡಿದ. ಹವಾಲ್ದಾರ ತನ್ನ ಬೂಟಿನ ಉದ್ದುದ್ದ ಲಾಡಿ ನೋಡಿಕೊಂಡ, ಕ್ಯಾಪ್ಟನ್ನನನ್ನು ನೋಡಿದ. ಮುದುಕಿಯ ಕೈ ತಪ್ಪದೆ ಮೊರದಲ್ಲಿ ಆಡುತ್ತಿತ್ತು. ಕ್ಯಾಪ್ಟನ್ ಬೇಡ ಎಂದು ತಲೆಯಾಡಿಸಿ ಹೊರಗೆ ಹೋದ.

ಮನ್ಮಥಪ್ಪ ಸಿಪಾಯಿಗಳಿಗೆ ಹಾಲು ಕಾಯಿಸಿದ. ಅವರು ಕುಡಿಯುತ್ತಿರುವಾಗ ಭಾಲಚಂದ್ರ ಈರಮ್ಮನ ಮನೆಗೆ ಒಬ್ಬನೇ ವಾಪಸು ಬಂದ. ಮೊದಲಾದರೆ ಚಪ್ಪಲಿ ಬಿಟ್ಟು ನೆಟ್ಟಗೆ ಒಲೆಯ ಮುಂದೆ ಹೋಗಿ ಕೂರುತ್ತಿದ್ದ. ಇವತ್ತು ಕಟ್ಟೆಯ ಮೇಲೆ ಕೂತ, ಅವಳು ಒಳಗೆ ಕರೆಯಲೂ ಇಲ್ಲ. ತಂಬಿಗೆಯಲ್ಲಿ ನೀರು ತಂದು ಕಟ್ಟೆಯ ಮೇಲಿಟ್ಟಳು. ಅವನು ಕುಡಿದ. ನಾನು ಏನು ಮಾಡಿದೆನೆಂದು ಇವಳಿಗೆ ತಿಳಿದಿರಬೇಕು, ನನ್ನ ಹೆಸರು, ನನ್ನ ಓದು ಎಲ್ಲ ಮಣ್ಣುಪಾಲು ಮಾಡಿಕೊಂಡು ಬಂದಿದ್ದೇನೆ, ಒಂದು ಮಾತು ಹೇಳಬಾರದೇ ಎಂದು ಕಾದ. ಅವಳು ಬೀದಿ ನೋಡುತ್ತ ಕೂತಿದ್ದಳು. ಸಂಕಟ ತಡೆಯಲಾಗದೆ ಅವನೇ ದನಿ ತಗ್ಗಿಸಿ ಕೇಳಿದ.

‘ಯವ್ವಾ, ಖರೇನೇ ಗೌಡ್ರೇ ಹಾಕ್ಯಾರೇನು ಗುದ್ದಲಿ? ನನಗೊಬ್ಬಗ ಹೇಳು. ಯಾರ ಮುಂದೂ ಬಾಯಿ ಬಿಡಂಗಿಲ್ಲ.’

ಈರಮ್ಮ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ, ದಣಿವಿತ್ತು. ‘ಆ ಸಾಹೇಬ ಒಮ್ಮಿ ಕೇಳ್ದ, ಬಿಟ್ಟ. ನೀವು ಎರಡನೇ ಸರ್ತಿ ಕೇಳ್ಲತ್ತೀರಿ.’

ಅವನು ತಂಬಿಗೆಯನ್ನು ಕೆಳಗಿಟ್ಟ. ತಾನು ಬೇರೆ ಕಾರಣಕ್ಕೆ ಕೇಳಿದೆನೆಂದು ಹೇಳಬೇಕೆನಿಸಿತು. ಯಾವ ಕಾರಣ ಎಂದು ಹುಡುಕಿದರೆ, ಬೆಳಿಗ್ಗೆ ಚಹಾದ ಬಸಿ ಕೆಳಗಿಟ್ಟು ಹೇಳತೊಡಗಿದಾಗ ಇದ್ದ ಕಾರಣವೇ ಸಿಕ್ಕಿತು. ಗೊತ್ತಿರಬೇಕು, ಅಷ್ಟೇ.

‘ಸಲಾವೋದ್ದೀನಗೂ ಇಂಥದೇ ಅಂಗಿ ಕೊಟ್ಟಿದ್ರು ನೋಡ್ರಿ,’ ಎಂದಳು ಅವಳು, ಬೀದಿಯ ಕಡೆಗೇ ಮುಖ ಮಾಡಿ. ‘ನಾ ಬರೇ ಹಾದಿ ತೋರಸ್ತೀನಿ ಯವ್ವಾ, ಯಾರ ಮೈಗೂ ಕೈ ಹಚ್ಚಂಗಿಲ್ಲ ಅಂತಿದ್ದ. ನನ್ನ ತಂಗಿ ಮಗನ ಬಣವಿ ಸುಟ್ಟು ಬೂದಿ ಆಯ್ತು. ಅವಗ ನಾ ಹೊಟ್ಟಿ ತುಂಬ ಬೈದೀನ್ರಿ, ಕೆರ ತಗೊಂಡು ಹೊಡದೀನಿ. ಅತ್ತ.’ ತಂಬಿಗೆ ಎತ್ತಿಕೊಂಡಳು. ‘ನಿಮಗ ಹ್ಯಾಂಗ ಬೈಲಿ? ನೀವು ಸರ್ಕಾರದವ್ರು.’

ಬೀದಿಯಲ್ಲಿ ಜೀಪಿನ ಹಾರ್ನು ಕೇಳಿಸಿತು. ಅವನು ಎದ್ದ. ಬರ್ತೇನಿ ಎಂದ, ಅವಳು ಹೂಂ ಎಂದಳು. ಅಶೂರಖಾನೆಯ ಎದುರು ಬಂದಾಗ ಕುಣಿ ಎಡಕ್ಕಿತ್ತು. ಪಡುವಣ ಅಂಚಿನಲ್ಲಿ ಇರುವೆಗಳು ಇನ್ನೂ ಇದ್ದವೋ ಇಲ್ಲವೋ, ಅವನು ಬಲಕ್ಕೆ ಮುಖ ತಿರುಗಿಸಿಕೊಂಡು ದಾಟಿದ. ಹಾಗೆ ನೋಡದೆ ದಾಟುವುದು ಅವನಿಗೆ ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಊರು ಇನ್ನೂ ಕಾಣುತ್ತಿರುವಾಗಲೇ, ಹಳ್ಳದ ಈಚೆ ದಡದಲ್ಲಿ, ಕ್ಯಾಪ್ಟನ್ ಜೀಪು ನಿಲ್ಲಿಸಲು ಹೇಳಿದ. ಡ್ರೈವರನು ಇಂಜಿನ್ ಆರಿಸಿದ. ತಂಪು ಗಾಳಿ ಬರುತ್ತಿತ್ತು, ಜೋಳದ ಗರಿಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕ್ಯಾಪ್ಟನ್ ಸೀಟಿನಲ್ಲಿ ಪೂರ್ತಿ ತಿರುಗಿ ಕೂತ. ‘ಅಲ್ಲಿ ನೀವು ನನಗೆ ಸುಳ್ಳು ಹೇಳಿದಿರಿ ಅನಿಸಿತು. ಅವರ ಮುಂದೆ ನಿಮಗೆ ಅವಮಾನ ಮಾಡಬಾರದೆಂದು ಬಿಟ್ಟೆ. ಆಮೇಲೆ ಆ ಮುದುಕಿಯ ಮನೆಗೂ ಒಬ್ಬರೇ ಹೋಗಿಬಂದಿರಿ. ಈಗ ಇಲ್ಲಿ ಊರವರು ಯಾರೂ ಇಲ್ಲ. ನನ್ನ ಮುಖ ನೋಡಿ ಹೇಳಿ, ಆ ಗುದ್ದಲಿ ಹಾಕಿದವನು ಯಾರು?’

ಭಾಲಚಂದ್ರ ಅವನ ಮುಖ ನೋಡಿದ. ಒಳ್ಳೆಯ ಮುಖ, ಬಿಸಿಲಿಗೆ ಕಪ್ಪಾದದ್ದು, ಕಣ್ಣುಗಳು ಮೆತ್ತಗಿದ್ದವು. ಆ ಕಣ್ಣುಗಳೆದುರು ಸುಳ್ಳು ನಿಲ್ಲುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಇರುವೆ, ಬೆಲ್ಲ, ಅರ್ಧ ಮುಚ್ಚಿದ ಬಾಗಿಲು, ಗೌಡ ತನ್ನನ್ನು ನೋಡಿದ ನೋಟ ಎಲ್ಲವನ್ನೂ ಅವನು ತನ್ನೊಳಗೆ ಹುಡುಕಿದ. ಗೌಡನೇ ಬೆಲ್ಲವಿಟ್ಟಿರಬಹುದು. ಬೇರೆ ದಾರಿಯಿಲ್ಲದೆ ಊರು ಪದ್ಧತಿ ಬದಲಿಸಿಕೊಂಡಿರಬಹುದು. ಅವನು ಬರೆದದ್ದು ನಿಜಕ್ಕೂ ತಪ್ಪಿರಬಹುದು. ದೇವರ ಕೋಣೆಯಲ್ಲಿ ಬರೀ ದೇವರೇ ಇದ್ದಿರಬಹುದು. ಎಷ್ಟು ಹುಡುಕಿದರೂ ಅಲ್ಲಿ ಖಚಿತವಾದದ್ದೇನೂ ಸಿಗಲಿಲ್ಲ.

‘ಗೊತ್ತಿಲ್ಲ,’ ಎಂದ.

ಕ್ಯಾಪ್ಟನ್ ನೋಡಿದ, ಮತ್ತೂ ನೋಡಿದ. ಆಮೇಲೆ ಅವನ ಹುಬ್ಬು ಸಡಿಲವಾಯಿತು. ‘ಇದು ಸುಳ್ಳಲ್ಲ,’ ಎಂದ, ಸ್ವಲ್ಪ ನಿರಾಸೆಯಿಂದಲೇ. ಡ್ರೈವರನಿಗೆ ನಡಿ ಎಂದ. ಭಾಲಚಂದ್ರ ಹಿಂದೆ ತಿರುಗಿ ಊರು ನೋಡಿದ. ಕಟ್ಟೆಯ ಮೇಲೆ ಅವಳು ಒಂದು ಮಾತು ಹೇಳಿಬಿಟ್ಟಿದ್ದರೆ! ಗೌಡನೇ ಎಂದಿದ್ದರೂ, ಸಲಾವೋದ್ದೀನನೇ ಎಂದಿದ್ದರೂ, ಆ ಮಾತು ಈಗ ತನ್ನ ಮುಖದ ಮೇಲೆ ಬರೆದಂತಿರುತ್ತಿತ್ತು. ತಾನು ಎಂಥವನೆಂದು ಅವಳಿಗೆ ಗೊತ್ತಿತ್ತು. ಎರಡು ವರ್ಷ ಒಲೆಯ ಮುಂದೆ ಕೂಡಿಸಿಕೊಂಡು ನೋಡಿದ್ದಳಲ್ಲ.

ಹಳ್ಳ ದಾಟಿದ ಮೇಲೆ ಕ್ಯಾಪ್ಟನ್ ತಿರುಗದೆಯೇ, ‘ಮಿಸ್ಟರ್, ಗೊತ್ತಿಲ್ಲದವರನ್ನು ಇಟ್ಟುಕೊಂಡು ನಾನೇನು ಮಾಡಲಿ? ಬೀದರಕ್ಕೆ ಹೋದ ಮೇಲೆ ಅಂಗಿಯನ್ನು ಉಗ್ರಾಣಕ್ಕೆ ಕೊಟ್ಟುಬಿಡಿ,’ ಎಂದ. ಭಾಲಚಂದ್ರ ಆಗಲಿ ಎಂದ. ಮೇಲಿನ ಗುಂಡಿ ಬಿಚ್ಚಿದ, ಅದರ ಕೆಳಗಿನದನ್ನೂ ಬಿಚ್ಚಿದ, ಗಾಳಿ ಎದೆಗೆ ತಾಗಿತು. ಹಗುರಾಗುತ್ತದೆಂದುಕೊಂಡಿದ್ದ. ಆದರೆ ಔರಾದ ಬರುವವರೆಗೂ, ಈರಮ್ಮ ತನಗೊಂದು ಬೈಗುಳವನ್ನೂ ಬೈಯದೆ ಕಳಿಸಿಬಿಟ್ಟಳಲ್ಲ ಎಂಬುದೊಂದೇ ಕುತ್ತಿಗೆಗೆ ಉಜ್ಜುತ್ತಲೇ ಇತ್ತು.